ಅನುಕರಣವೋ, ಅಪಹರಣವೋ?

ಚೌರ್ಯವೆಂಬುದು ಲಘುವಾದ ಮಾತಲ್ಲ. ಆದರೂ ಈಚೆಗೆ ನಮ್ಮ ಮನೆಯಲ್ಲಿ ಅದು ದಿನಕ್ಕೆ ಹತ್ತು ಬಾರಿ ಕಿವಿಗೆ ಬೀಳುತ್ತಿರುವುದು. ಹಿರಿಯ ಮೊಮ್ಮಗನು ‘ಪಬ್‌ಜಿ’ ಎಂಬ ಕೋವಿಕಾಳಗದ ಕಂಪ್ಯೂಟರ್ ಆಟದ ಪಕ್ಷಪಾತಿ. ಕಿರಿಯವನು ‘ಫೋರ್ಟ್‌ನೈಟ್’ ಎಂಬುದರ ಭಕ್ತ. “ನಿನ್ನದು ಕದ್ದ ಆಟ” ಎಂದು ಅವನು ಜರೆಯುವನು, ಇವನು ಕಣ್ಣೀರಿಡುವನು. ಬಹುಕಾಲ ಹುಡುಗರ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ, ಹೋಲಿಕೆ ಕಂಡ ಮಾತ್ರಕ್ಕೆ ಕಳ್ಳತನವನ್ನು ಹೊರಿಸುವುದು ನ್ಯಾಯವೆಂದು ತೋರಲಿಲ್ಲ. ಆದುದರಿಂದ ಇಬ್ಬರ ಬಳಿಯಲ್ಲಿಯೂ ಕುಳಿತು ನೋಡಿ, ಎರಡರ ಪೂರ್ವೋತ್ತರವನ್ನು ವಿಚಾರಿಸಿದೆನು.

ಪಬ್‌ಜಿಯು ದಕ್ಷಿಣ ಕೊರಿಯದ ಬ್ಲೂಹೋಲ್ ಸಂಸ್ಥೆಯಿಂದ 2017ರ ಮಾರ್ಚ್‌ನಲ್ಲಿ ಹೊರಬಂದುದು. ನೂರು ಮಂದಿ ಆಕಾಶದಿಂದ ದ್ವೀಪವೊಂದಕ್ಕೆ ಧುಮುಕುವರು. ಅಲ್ಲಿ ದೊರೆತ ಆಯುಧಗಳಿಂದಲೇ ಹೋರಾಡುವರು. ಸುರಕ್ಷಿತವಾದ ನೆಲವು ಕ್ರಮೇಣ ಕಿರಿದಾಗುವುದು. ಕಡೆಗೆ ಉಳಿದವನೇ ಜಯಶಾಲಿ. ಅಮೆರಿಕದ ಎಪಿಕ್ ಸಂಸ್ಥೆಯ ಫೋರ್ಟ್‌ನೈಟ್ ಅದೇ ವರ್ಷದ ಜುಲೈನಲ್ಲಿ, ಕೋಟೆ ಕಟ್ಟಿ ಭೂತಗಳನ್ನು ತಡೆಯುವ ಆಟವಾಗಿ ಜನರ ಮುಂದೆ ಬಂದಿತು. ಸೆಪ್ಟೆಂಬರಿನಲ್ಲಿ ಅದಕ್ಕೂ ನೂರು ಮಂದಿಯ ದ್ವೀಪಯುದ್ಧ ಸೇರಿತು. ಪಬ್‌ಜಿಯು ನಿರ್ಮಿತವಾದುದು ಎಪಿಕ್ ಸಂಸ್ಥೆಯ ‘ಅನ್‌ರಿಯಲ್ ಎಂಜಿನ್’ ಎಂಬ ಸಾಧನದ ಮೇಲೆಯೇ. ನೆಲವನ್ನು ಬಾಡಿಗೆಗೆ ಕೊಟ್ಟವನೇ ಪಕ್ಕದಲ್ಲಿ ಅದೇ ಬಗೆಯ ಅಂಗಡಿ ತೆರೆದರೆ ಬಾಡಿಗೆದಾರನಿಗೆ ನೋವಾಗದೆ ಇರುವುದೇ? 2018ರ ಜನವರಿಯಲ್ಲಿ ಸಿಯೋಲ್ ನಗರದ ನ್ಯಾಯಾಲಯದಲ್ಲಿ ದಾವೆ ಹೂಡಲ್ಪಟ್ಟಿತು. ಜೂನ್‌ನಲ್ಲಿ ತೀರ್ಪಿಲ್ಲದೆ ಹಿಂತೆಗೆಯಲ್ಪಟ್ಟಿತು.

ಆದರೆ ಪಬ್‌ಜಿಗೂ ಪೂರ್ವಜರುಂಟು. ಅದರ ಕಲ್ಪಕನಾದ ಐರ್ಲೆಂಡಿನ ಬ್ರೆಂಡನ್ ಗ್ರೀನನು ಮೊದಲು ಅನ್ಯರ ಆಟಗಳನ್ನು ಮಾರ್ಪಡಿಸಿ ಈ ಬಗೆಯ ಯುದ್ಧವನ್ನು ರೂಪಿಸಿದವನು. ಅವನಿಗೆ ಪ್ರೇರಣೆ 2000ದ ‘ಬ್ಯಾಟಲ್ ರಾಯಲ್’ ಎಂಬ ಜಪಾನೀ ಚಲನಚಿತ್ರ. ಆ ಚಿತ್ರಕ್ಕೆ ಮೂಲ 1999ರ ಒಂದು ಕಾದಂಬರಿ. ಹೀಗಿರುವಲ್ಲಿ ಮೂಲವೆಂಬುದನ್ನು ಎಲ್ಲಿ ನಿಲ್ಲಿಸುವುದು?

ಈ ಪ್ರಶ್ನೆ ನಮ್ಮ ಅಲಂಕಾರಿಕರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ‘ಧ್ವನ್ಯಾಲೋಕ’ದ ಕಡೆಯ ಉದ್ಯೋತದಲ್ಲಿ ಕಾವ್ಯಗಳ ಪರಸ್ಪರ ಸಾದೃಶ್ಯವನ್ನು ಮೂರು ಬಗೆಯಾಗಿ ವಿಂಗಡಿಸಿದನು. ಕನ್ನಡಿಯ ಬಿಂಬದಂತಹುದು ಒಂದು, ಚಿತ್ರಪಟದಂತಹುದು ಇನ್ನೊಂದು, ಇವೆರಡೂ ತ್ಯಾಜ್ಯ. ಮೂರನೆಯದು ಇಬ್ಬರು ಮನುಷ್ಯರಿಗಿರುವ ಹೋಲಿಕೆ. ಅಂಗಾಂಗಗಳು ಸಮಾನವಾದರೂ ಆತ್ಮವು ಬೇರೆಯಾದುದರಿಂದ ಅದು ಗ್ರಾಹ್ಯ.

ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ದ್ವೀಪ, ನೂರು ಮಂದಿ, ಕಿರಿದಾಗುವ ನೆಲ, ಇವು ಅಂಗಗಳು. ಫೋರ್ಟ್‌ನೈಟಿನಲ್ಲಿ ಆಟಗಾರನು ಮರ, ಕಲ್ಲು, ಲೋಹಗಳನ್ನು ಸಂಗ್ರಹಿಸಿ, ಗುಂಡುಗಳ ನಡುವೆಯೇ ಗೋಡೆಯನ್ನೂ ಮೆಟ್ಟಿಲನ್ನೂ ಎಬ್ಬಿಸುವನು, ಪಬ್‌ಜಿಯಲ್ಲಿ ಅದಿಲ್ಲ. “2022ರಲ್ಲಿ ಎಪಿಕ್ ಸಂಸ್ಥೆಯೇ ಕಟ್ಟುವ ಕೆಲಸವಿಲ್ಲದ ‘ಝೀರೋ ಬಿಲ್ಡ್’ ಎಂಬ ರೂಪವನ್ನು ತಂದಿತಲ್ಲ, ಅಲ್ಲಿ ಆತ್ಮವೆಲ್ಲಿ?” ಎಂದು ಆಕ್ಷೇಪಿಸಬಹುದು. ಆ ರೂಪದಲ್ಲಿ ಸಾದೃಶ್ಯವು ನಿಕಟವಾಯಿತೆಂಬುದು ದಿಟ. ಆದರೂ ಪಬ್‌ಜಿಯಲ್ಲಿ ಹುಲ್ಲಿನೊಳಗೆ ಉಸಿರು ಬಿಗಿಹಿಡಿದು ಮಲಗಿ ಹೊಂಚುವ ಭಯಾನಕವೇ ಪ್ರಧಾನ ರಸ; ಫೋರ್ಟ್‌ನೈಟಿನಲ್ಲಿ ಬಣ್ಣಬಣ್ಣದ ವಿಚಿತ್ರ ವೇಷಗಳು ಕುಣಿಯುವ ಅದ್ಭುತಹಾಸ್ಯಗಳು ಪ್ರಧಾನ. ರಸವು ಭಿನ್ನವಾದಲ್ಲಿ ಕೃತಿಯು ಭಿನ್ನವೆಂದೇ ನನ್ನ ಮತ.

ಹಾಗೆಂದು ಎಪಿಕ್ ಸಂಸ್ಥೆಗೆ ಋಣವಿಲ್ಲವೆಂದಲ್ಲ. ಪಬ್‌ಜಿಯು ದಾರಿ ತೋರಿಸಿದ ಮೇಲೆಯೇ ಅದು ಆ ದಾರಿಯಲ್ಲಿ ನಡೆದುದು. ಆದರೆ ನಿಯಮವನ್ನು ಎರವಲು ಪಡೆದು ಸ್ವಂತ ಪ್ರಾಣವನ್ನು ತುಂಬಿದವನು ಸಾಲಗಾರನೇ ಹೊರತು ಚೋರನಲ್ಲ. ಈ ಎರಡರ ಅಂತರವನ್ನು ಮಕ್ಕಳಿಗೆ ತಿಳಿಸದೆ ಬಿಟ್ಟರೆ, ನಾಳೆ ಅವರು ತಾವಾಗಿ ಏನನ್ನಾದರೂ ರಚಿಸಲು ಅಂಜುವರು. ಇಲ್ಲವೆ ಅನ್ಯರ ಶ್ರಮವನ್ನು ಅಂಜಿಕೆಯಿಲ್ಲದೆ ದೋಚುವರು.