ಎದುರುಮನೆಗೆ ಹೋದವನು

ಮನುಷ್ಯನು ದೂರದೇಶಕ್ಕೆ ಹೊರಟುನಿಂತರೆ ಊರಿನವರು ಹರಸಿ ಕಳುಹಿಸುತ್ತಾರೆ. ಬೀದಿಯನ್ನು ದಾಟಿ ಎದುರುಮನೆಯನ್ನು ಸೇರಿದರೆ ಮಾತ್ರ ಕ್ಷಮಿಸುವುದಿಲ್ಲ. ಈ ಮಾತನ್ನು ನಾನು ಸ್ವಾನುಭವದಿಂದ ಹೇಳುತ್ತಿದ್ದೇನೆ. ಹದಿನಾಲ್ಕು ವರ್ಷ ಒಂದು ಪಾಠಶಾಲೆಯಲ್ಲಿ ಉಪಾಧ್ಯಾಯನಾಗಿದ್ದು, ಸಂಬಳದ ವಿಷಯವಾಗಿ ಮನಸ್ತಾಪ ಬಂದು, ಅದೇ ಊರಿನಲ್ಲಿ ಅದಕ್ಕೆ ಸದಾ ಪ್ರತಿಸ್ಪರ್ಧಿಯಾಗಿದ್ದ ಇನ್ನೊಂದು ಶಾಲೆಗೆ ಹೋದೆನು. ಎರಡರ ನಡುವೆ ಇದ್ದುದು ಒಂದು ಕೆರೆಯ ಏರಿ ಮಾತ್ರ. ಮರುದಿನದಿಂದಲೇ ಹಳೆಯ ಸಹೋದ್ಯೋಗಿಗಳು ಏರಿಯ ಮೇಲೆ ಎದುರಾದರೆ ನೀರಿನ ಕಡೆ ಮುಖಮಾಡಿ ಸಾಗಿಹೋಗುತ್ತಿದ್ದರು. “ಉಂಡ ಮನೆಯ ಜಂತೆ ಎಣಿಸಿದ” ಎಂಬ ಮಾತೂ ಕಿವಿಗೆ ಬಿದ್ದಿತು. ಆ ದಿನಗಳಲ್ಲಿ ಪುಸ್ತಕದ ಮೂಲಕ ನನಗೆ ಸಂಗಾತಿಯಾಗಿ ಒದಗಿದವನು ವೇಲ್ಸ್ ದೇಶದ ಕಾಲ್ಚೆಂಡಾಟಗಾರ ಬಿಲ್ಲಿ ಮೆರೆಡಿತ್.

ಇವನು ಹುಟ್ಟಿದ್ದು ೧೮೭೪ರಲ್ಲಿ, ಚಿರ್ಕ್ ಎಂಬ ಊರಿನ ಬಳಿ. ಕಲ್ಲಿದ್ದಲ ಗಣಿಯೇ ಅಲ್ಲಿಯವರಿಗೆ ಅನ್ನದ ಬಾಗಿಲು. ಹನ್ನೆರಡನೆಯ ವಯಸ್ಸಿನಲ್ಲಿಯೇ ಅವನು ಗಣಿಯೊಳಗೆ ತಟ್ಟುಗಳನ್ನು ಹೊಡೆಯುವ ಕೆಲಸಕ್ಕೆ ಸೇರಿದನು. ೧೮೯೪ರಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡಕ್ಕೆ ಬಂದ ಮೇಲೂ ಕೆಲವು ಕಾಲ ಗಣಿಯನ್ನು ಬಿಡಲಿಲ್ಲ. ಅಂಕಣದ ಬಲ ಅಂಚನ್ನು ಹಿಡಿದು ಓಡಿ, ಎದುರಾಳಿಯನ್ನು ವಂಚಿಸಿ, ಚೆಂಡನ್ನು ಗೋಲಿನ ಮುಂದಕ್ಕೆ ಕಳುಹಿಸುವ ವಿಂಗರ್ ಇವನು. ಆಡುವಾಗ ಬಾಯಲ್ಲಿ ಸದಾ ಒಂದು ಹಲ್ಲುಕಡ್ಡಿ. ೧೯೦೪ರಲ್ಲಿ ಸಿಟಿಯ ನಾಯಕನಾಗಿ, ಬೋಲ್ಟನ್ ತಂಡದ ಮೇಲೆ ಏಕಮಾತ್ರ ಗೋಲನ್ನು ತಾನೇ ಹೊಡೆದು, ಆ ಸಂಘಕ್ಕೆ ಮೊದಲನೆಯ ಎಫ್. ಎ. ಕಪ್ಪನ್ನು ತಂದುಕೊಟ್ಟನು. ಊರು ಅವನನ್ನು ತಲೆಯ ಮೇಲೆ ಹೊತ್ತುಕೊಂಡಿತು.

ಆದರೆ ಆ ಕಾಲದ ಆಟಗಾರನ ಸ್ಥಿತಿಯನ್ನು ವಾಚಕರು ನೆನಪಿನಲ್ಲಿಡಬೇಕು. ೧೯೦೧ರಿಂದ ಇಂಗ್ಲೆಂಡಿನಲ್ಲಿ ಆಟಗಾರನಿಗೆ ವಾರಕ್ಕೆ ೪ ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ವಿಧಿಯಿತ್ತು. ಸಾವಿರಾರು ಜನ ಹಣ ಕೊಟ್ಟು ಯಾರ ಆಟವನ್ನು ನೋಡಲು ಬರುತ್ತಿದ್ದರೋ ಅವನಿಗೂ ಅಷ್ಟೇ, ಸಾಧಾರಣ ಆಟಗಾರನಿಗೂ ಅಷ್ಟೇ. ಆದುದರಿಂದ ಸಿಟಿ ಸಂಘದವರು ಗುಟ್ಟಾಗಿ ಹೆಚ್ಚು ಹಣವನ್ನು ಕೊಡುತ್ತಿದ್ದರು. ಆಟಗಾರರು ಗುಟ್ಟಾಗಿಯೇ ತೆಗೆದುಕೊಳ್ಳುತ್ತಿದ್ದರು.

೧೯೦೫ರಲ್ಲಿ ವಿಪತ್ತು ಬಂದಿತು. ಆಟವನ್ನು ಬಿಟ್ಟುಕೊಡುವಂತೆ ಆಸ್ಟನ್ ವಿಲ್ಲಾ ತಂಡದ ನಾಯಕನಿಗೆ ಮೆರೆಡಿತ್ ೧೦ ಪೌಂಡು ಲಂಚ ನೀಡಲು ಹೋದನೆಂಬ ಆಪಾದನೆ ಹೊರಟು, ಫುಟ್‌ಬಾಲ್ ಅಸೋಸಿಯೇಷನ್ ಅವನನ್ನು ಅಪರಾಧಿಯೆಂದು ತೀರ್ಮಾನಿಸಿ ಆಟದಿಂದ ಹೊರಗಿಟ್ಟಿತು. ಅವನು ಆಪಾದನೆಯನ್ನು ಅಲ್ಲಗಳೆದನು. ನಿಷೇಧದ ಕಾಲದಲ್ಲಿ ಸಂಘವು ಅವನಿಗೆ ಹಣ ಕೊಡುವಂತಿರಲಿಲ್ಲ. ಕೈ ಬರಿದಾದ ಮೆರೆಡಿತ್, ಸಂಘದ ಗುಟ್ಟಿನ ಲೆಕ್ಕವನ್ನೆಲ್ಲ ಬಯಲಿಗಿಟ್ಟನು. ಪರಿಣಾಮವಾಗಿ ೧೯೦೬ರಲ್ಲಿ ಸಿಟಿಯ ಹದಿನೇಳು ಮಂದಿ ಆಟಗಾರರಿಗೆ ನಿಷೇಧವಾಯಿತು. ಕಾರ್ಯದರ್ಶಿ ಟಾಮ್ ಮೇಲಿಯೂ ಪದಚ್ಯುತನಾದನು. ಆಟಗಾರರನ್ನು ಮಾರದೆ ಸಂಘಕ್ಕೆ ಗತಿಯಿರಲಿಲ್ಲ. ಮೆರೆಡಿತ್ತೂ ಅವನ ಮೂವರು ಜತೆಗಾರರೂ ಅದೇ ಊರಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಸೇರಿದರು. ನಿಷೇಧ ಕಳೆದ ದಿನವೇ, ಅಂದರೆ ೧೯೦೭ನೆಯ ಜನವರಿ ೧ರಂದು, ಅವನು ಹೊಸ ಅಂಗಿ ತೊಟ್ಟು ಕಣಕ್ಕಿಳಿದನು. ಎದುರು ನಿಂತಿದ್ದ ತಂಡ ಅದೇ ಆಸ್ಟನ್ ವಿಲ್ಲಾ! ಅವನು ಒದಗಿಸಿದ ಚೆಂಡನ್ನು, ಅವನೊಡನೆ ಸಿಟಿಯಿಂದಲೇ ಬಂದಿದ್ದ ಟರ್ನ್‌ಬುಲ್ ಗೋಲಿಗೆ ಸೇರಿಸಿದನು.

ಮುಂದೆ ಯುನೈಟೆಡ್ ತಂಡವು ೧೯೦೮ರಲ್ಲಿಯೂ ೧೯೧೧ರಲ್ಲಿಯೂ ಲೀಗನ್ನು, ೧೯೦೯ರಲ್ಲಿ ಕಪ್ಪನ್ನು ಗೆದ್ದಿತು. ನನಗೆ ಅದಕ್ಕಿಂತ ಹಿರಿದಾಗಿ ತೋರುವುದು ೧೯೦೭ರ ಡಿಸೆಂಬರಿನಲ್ಲಿ ನಡೆದ ಒಂದು ಸಭೆ. ಮ್ಯಾಂಚೆಸ್ಟರಿನ ಇಂಪೀರಿಯಲ್ ಹೋಟೆಲಿನಲ್ಲಿ ಮೆರೆಡಿತ್ ಅಧ್ಯಕ್ಷನಾಗಿ ಕುಳಿತು, ಆಟಗಾರರ ಸಂಘವನ್ನು ಸ್ಥಾಪಿಸಿದನು. ೧೯೦೯ರಲ್ಲಿ ಅಸೋಸಿಯೇಷನ್, “ಸಂಘವನ್ನು ಬಿಡಿರಿ, ಇಲ್ಲವೇ ಆಟವನ್ನು ಬಿಡಿರಿ” ಎಂಬಂತೆ ಬೆದರಿಸಿದಾಗ ಯುನೈಟೆಡ್ಡಿನ ಆಟಗಾರರು ಬಗ್ಗದೆ ತಮ್ಮನ್ನು ಬಹಿಷ್ಕೃತರೆಂದೇ ಕರೆದುಕೊಂಡರು. ಸಂಬಳದ ಆ ಮಿತಿ ತೊಲಗಿದ್ದು ೧೯೬೧ರಲ್ಲಿ. ಅದನ್ನು ಕಾಣಲು ಮೆರೆಡಿತ್ ಇರಲಿಲ್ಲ.

ಹೊಸ ಶಾಲೆಯಲ್ಲಿದ್ದ ನಾನು ಮೊದಮೊದಲು ಈ ಕಥೆಯನ್ನು ನನ್ನ ಪಕ್ಷದ ಸಾಕ್ಷಿಯಂತೆ ಓದಿದೆನು. ದುಡಿದವನಿಗೆ ಕೂಲಿ ಕೇಳುವ ಹಕ್ಕಿಲ್ಲವೇ? ಬೇಲಿ ದಾಟಿದರೆ ದ್ರೋಹವೇ? ಆದರೆ ಎರಡನೆಯ ಸಲ ಓದಿದಾಗ ಮನಸ್ಸು ಅಳುಕಿತು. ಅವನು ಗುಟ್ಟನ್ನು ಹೊರಗೆಡಹಿದ್ದು ಸತ್ಯದ ಮೇಲಿನ ಪ್ರೀತಿಗಿಂತ ಹೆಚ್ಚಾಗಿ, ಹಣ ನಿಂತುಹೋದ ಸಿಟ್ಟಿನಿಂದ. ಅದರ ಪೆಟ್ಟು ತಿಂದವರು ಅವನ ಜತೆಯಲ್ಲಿಯೇ ಆಡಿದವರು. ನಾನೂ ಹಳೆಯ ಶಾಲೆಯನ್ನು ಬಿಟ್ಟ ಮೇಲೆ ಅದರ ಕುಂದುಗಳನ್ನು ಹೊಸ ಶಾಲೆಯ ಜಗಲಿಯ ಮೇಲೆ ಎಣಿಸಿ ಹೇಳಿದ್ದುಂಟು. ಕೇಳುವವರು ನಗುತ್ತಿದ್ದರು, ನನಗೆ ಹಿತವಾಗುತ್ತಿತ್ತು. ಬಿಟ್ಟುಬಂದದ್ದು ತಪ್ಪಲ್ಲ, ಆ ಜಗಲಿಯ ಮಾತು ತಪ್ಪು. ಈ ಎರಡನ್ನೂ ಬೇರೆಬೇರೆಯಾಗಿ ನೋಡಲು ನನಗೆ ಬಹಳ ವರ್ಷ ಹಿಡಿಯಿತು.

ಮೆರೆಡಿತ್ ೧೯೨೧ರಲ್ಲಿ ಸಿಟಿಗೆ ಮರಳಿ ಬಂದನು. ೧೯೨೪ರಲ್ಲಿ, ನಾಲ್ವತ್ತೊಂಬತ್ತನೆಯ ವಯಸ್ಸಿನಲ್ಲಿ, ಅದೇ ತಂಡದ ಪರವಾಗಿ ಕಪ್ಪಿನ ಸೆಮಿಫೈನಲ್ ಆಡಿ ನಿವೃತ್ತನಾದನು. ೧೯೫೮ರಲ್ಲಿ ತೀರಿಕೊಂಡಾಗ ಅವನ ಸಮಾಧಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. ೨೦೦೧ರಲ್ಲಿ ಅಲ್ಲೊಂದು ಕಲ್ಲು ನಿಂತಿತು. ಅದರ ವೆಚ್ಚದಲ್ಲಿ ಆಟಗಾರರ ಸಂಘ, ವೇಲ್ಸಿನ ಫುಟ್‌ಬಾಲ್ ಸಂಸ್ಥೆಗಳೊಡನೆ ಮ್ಯಾಂಚೆಸ್ಟರಿನ ಎರಡು ತಂಡಗಳೂ ಪಾಲುಗೊಂಡವು.

ಹೋದ ವರ್ಷ ಹಳೆಯ ಶಾಲೆಯ ನನ್ನ ಸಹೋದ್ಯೋಗಿಯೊಬ್ಬರು ತೀರಿಕೊಂಡರು. ಏರಿಯ ಮೇಲೆ ಮುಖ ತಿರುಗಿಸಿದವರಲ್ಲಿ ಅವರೂ ಒಬ್ಬರು. ಹೋಗಲೋ ಬೇಡವೋ ಎಂದು ಏರಿಯ ಮೇಲೆ ಬಹಳ ಹೊತ್ತು ನಿಂತಿದ್ದು, ಕಡೆಗೆ ಹೋದೆನು. ಅವರ ಮನೆಯಾಕೆ ನನ್ನನ್ನು ಗುರುತಿಸಿ, “ಇಷ್ಟು ತಡವಾಯಿತೇ, ಮೇಷ್ಟ್ರೇ?” ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ನಾನು ಉತ್ತರ ಹೇಳಲಾರದೆ, ಅವರು ತೋರಿಸಿದ ಚಾಪೆಯ ಮೇಲೆ ಕುಳಿತೆನು.