ಏರುವುದಕ್ಕೆ ಗೇರು, ಇಳಿಯುವುದಕ್ಕೆ ಬ್ರೇಕು

ಮಧ್ಯಮ ವರ್ಗದ ಸಂಸಾರದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಎಂಬುದು ಬಹು ವಿಚಿತ್ರವಾದ ಮೊತ್ತ. ಚಿನ್ನದ ಅಂಗಡಿಯಲ್ಲಿ ಅದಕ್ಕೆ ಕುಳ್ಳಿರಿಸಿ ಮಾತನಾಡಿಸುವ ಮರ್ಯಾದೆಯೂ ದೊರೆಯದು. ಅದೇ ಹಣವನ್ನು ಕಿಸೆಯಲ್ಲಿರಿಸಿಕೊಂಡು ಬೈಸಿಕಲ್ಲಿನ ಅಂಗಡಿಯ ಮೆಟ್ಟಿಲೇರುವಾಗ ಮನುಷ್ಯನ ನಡಿಗೆಗೆ ತಾನಾಗಿಯೇ ಒಂದು ಗಾಂಭೀರ್ಯ ಬರುತ್ತದೆ. ಆ ಗಾಂಭೀರ್ಯ ಮೊದಲ ಸಾಲಿನ ಬೆಲೆಚೀಟಿಗಳನ್ನು ಓದುವವರೆಗೆ ಮಾತ್ರ. ಐವತ್ತು ಸಾವಿರ, ಎಪ್ಪತ್ತು ಸಾವಿರ, ಲಕ್ಷ! ಒಂದು ಕಾಲಕ್ಕೆ ಬೈಸಿಕಲ್ಲು ಬಡವನ ಕುದುರೆಯಾಗಿತ್ತು. ಈಗ ಆ ಕುದುರೆಗೂ ಕುಲಗೋತ್ರಗಳು ಬಂದಿವೆ.

ಉಡುಪಿಯ ಕಲ್ಸಂಕದ ಸಮೀಪದ ಒಂದು ಮನೆಯಲ್ಲಿ ಈ ಇಪ್ಪತ್ತು ಸಾವಿರ ಕೂಡಿದ್ದು ಸುಲಭವಾಗಿ ಅಲ್ಲ. ಮನೆಯ ಯಜಮಾನರು ಕಚೇರಿಯೊಂದರ ಗುಮಾಸ್ತರು. ದಿನಕ್ಕೆ ಮೂವತ್ತು ರೂಪಾಯಿಯಂತೆ ಇಪ್ಪತ್ತೆರಡು ತಿಂಗಳ ಕಾಲ ಪಿಗ್ಮಿ ಕಟ್ಟಿ, ಬಡ್ಡಿಯೂ ಸೇರಿದ ಮೇಲೆ ಮೊತ್ತ ಆ ಗಡಿಯನ್ನು ಮುಟ್ಟಿತ್ತು. ಪಿಗ್ಮಿ ಎಂಬ ಮಾತು ಈ ಸೀಮೆಯವರಿಗೆ ಹೊಸತಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, ದಿನಕ್ಕೆ ಎರಡಾಣೆಯನ್ನಾದರೂ ಉಳಿಸಬಲ್ಲವರ ಮನೆಬಾಗಿಲಿಗೇ ಹೋಗಿ ಸಂಗ್ರಹಿಸುವ ಈ ಯೋಜನೆಯನ್ನು 1928ರಲ್ಲಿ ಆರಂಭಿಸಿತು. 2020ರ ಏಪ್ರಿಲ್ ಒಂದರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಹೆಸರು ಮಾತ್ರ ಊರಿನ ಸಹಕಾರಿ ಸಂಘಗಳಲ್ಲಿ ಇನ್ನೂ ಬಾಳಿಕೊಂಡಿದೆ.

ಹಣ ಕೈಗೆ ಬಂದ ದಿನವೇ ಅದಕ್ಕೆ ಇಬ್ಬರು ಹಕ್ಕುದಾರರು ಎದ್ದು ನಿಂತರು. ಗೃಹಿಣಿಗೆ ಹಳೆಯ ಗ್ರೈಂಡರಿನ ಬದಲು ಹೊಸತೊಂದು ಬೇಕಿತ್ತು. ಮಣಿಪಾಲದ ಕಾಲೇಜಿಗೆ ಆಗತಾನೆ ಸೇರಿದ್ದ ಮಗನಿಗೆ ಮೌಂಟನ್ ಬೈಕು ಬೇಕಿತ್ತು. ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋಗುವ ಮಗನನ್ನು ಒಂದು ಬೆಳಗ್ಗೆ ಕಣ್ಣಾರೆ ಕಂಡ ಮೇಲೆ ತಾಯಿಯೇ ಸೋತು, “ಗ್ರೈಂಡರು ಇನ್ನೊಂದು ವರ್ಷ ತಿರುಗೀತು” ಎಂದಳು. ತ್ಯಾಗವು ಅಡಿಗೆಮನೆಯಿಂದಲೇ ಆರಂಭವಾಗುವುದು ನಮ್ಮ ಸಂಸಾರಗಳ ಹಳೆಯ ಸಂಪ್ರದಾಯ.

ಹಣದ ಮಾತು ಮುಗಿಯಿತು. ಆಯ್ಕೆಯ ಮಾತು ಮೊದಲಾಯಿತು. ಹುಡುಗ ವಾರವೆಲ್ಲ ಮೊಬೈಲಿನಲ್ಲಿ ಅಧ್ಯಯನ ಮಾಡಿ ಒಂದು ಗಾಡಿಯನ್ನು ಮನಸ್ಸಿನಲ್ಲಿ ಪ್ರತಿಷ್ಠಾಪಿಸಿಕೊಂಡಿದ್ದ. ಹಿಂದೊಂದು ಮುಂದೊಂದು ಸ್ಪ್ರಿಂಗು, ಬೆಂಕಿಯ ಬಣ್ಣ, ತೋಳಿನಷ್ಟು ದಪ್ಪದ ಟಯರು. ಬೆಲೆ ಹದಿನಾಲ್ಕು ಸಾವಿರ. “ಆರು ಸಾವಿರ ಉಳಿಯುತ್ತದೆ ಅಪ್ಪ!” ಎಂಬುದು ಅವನ ಕೊನೆಯ ಬಾಣ. ಗುಮಾಸ್ತರು ಅದಕ್ಕೆ ಮಣಿಯುವುದರಲ್ಲಿದ್ದರು.

ಆಗ ಜಗಲಿಯ ಮೂಲೆಯಿಂದ ಅಜ್ಜನ ಧ್ವನಿ ಕೇಳಿಸಿತು: “ಸೈಕಲ್ಲು ಆರಿಸುವುದು ಆಮೇಲೆ ಮಗಾ. ಮೊದಲು ರಸ್ತೆ ಯಾವುದು ಹೇಳು.”

ಅಜ್ಜನಿಗೆ ಈಗ ಎಪ್ಪತ್ತೇಳು. ಹುಟ್ಟೂರು ಕಾಪು. ಎರಡು ದಶಕಗಳಿಗೂ ಮಿಕ್ಕಿ ಪಿಗ್ಮಿ ಸಂಗ್ರಾಹಕರಾಗಿ ಕಪ್ಪು ಬಣ್ಣದ ಸೈಕಲ್ಲೊಂದರ ಮೇಲೆ ಊರೂರು ಸುತ್ತಿದವರು. ಎಡಗಾಲಿನ ಮಂಡಿ ಪೂರ್ತಿ ಮಡಚುವುದಿಲ್ಲ. ಅದು ವಾತದ ಬಾಧೆಯೆಂದು ಮನೆಯವರೆಲ್ಲರ ನಂಬಿಕೆ. ಮಾತು ಬಹಳ ಕಡಿಮೆ. ಆದುದರಿಂದಲೇ ಅವರು ಆಡಿದ ಮಾತನ್ನು ಆ ಮನೆಯಲ್ಲಿ ಕೇಳದಿರುವ ಹಾಗಿಲ್ಲ.

ಹುಡುಗ ಬೆರಳು ಮಡಚಿ ಎಣಿಸಿದ. ದಿನವೂ ಮಣಿಪಾಲ. ತಿಂಗಳಿಗೊಮ್ಮೆ ಕಾಪುವಿನ ಅತ್ತೆಯ ಮನೆ. ವರ್ಷಕ್ಕೊಮ್ಮೆಯಾದರೂ ಗೆಳೆಯರೊಡನೆ ಕಾರ್ಕಳ. ಗೊಮ್ಮಟನ ಬೆಟ್ಟದ ಬುಡಕ್ಕೆ ಸೈಕಲ್ಲಿನಲ್ಲೇ ಹೋಗಬೇಕೆಂಬುದು ಅವನ ಬಹುಕಾಲದ ಕನಸು. ಹಾಗಾದರೆ ಪರ್ವತವೆಲ್ಲಿ? ಮೌಂಟನ್ ಬೈಕು ಎಂಬ ಹೆಸರಿಗೆ ತಕ್ಕ ಪರ್ವತ ಈ ಮೂರರಲ್ಲಿ ಒಂದೂ ಇರಲಿಲ್ಲ! ಆದರೂ ಒಂದೊಂದು ರಸ್ತೆಯೂ ಗಾಡಿಯ ಒಂದೊಂದು ಅಂಗವನ್ನು ನಿರ್ಣಯಿಸುವಂತಿತ್ತು.

ಕಾಪು ಉಡುಪಿಯಿಂದ ತೆಂಕಕ್ಕೆ ಹನ್ನೆರಡು ಹದಿಮೂರು ಕಿಲೋಮೀಟರು. ಹೆದ್ದಾರಿ ಬಹುಮಟ್ಟಿಗೆ ಸಮತಟ್ಟು. ಗೇರೂ ಬೇಡ, ಸ್ಪ್ರಿಂಗೂ ಬೇಡ. ಅಲ್ಲಿರುವ ವೈರಿ ಬೇರೆ. ಕಡಲದಂಡೆಯ ಬಂಡೆಯ ಮೇಲೆ 1901ರಿಂದ ದೀಪಸ್ತಂಭ ನಿಂತಿದೆ. ಅದರ ಬುಡದಲ್ಲಿ ಸೈಕಲ್ಲನ್ನು ಒಂದು ಸಂಜೆ ನಿಲ್ಲಿಸಿದರೆ ಸಾಕು, ಉಪ್ಪಿನ ಗಾಳಿ ತನ್ನ ಕೆಲಸವನ್ನು ಆರಂಭಿಸುತ್ತದೆ. ಕಬ್ಬಿಣದ ಫ್ರೇಮಿನ ಬಣ್ಣ ಎಲ್ಲಿ ಗೀರಿತೋ ಅಲ್ಲಿ ತುಕ್ಕು. ಅಲ್ಯೂಮಿನಿಯಂ ಫ್ರೇಮಾದರೆ ಆ ಭಯ ಕಡಿಮೆ, ಭಾರವೂ ಕಡಿಮೆ. ಹಾಗೆಂದು ನಿಶ್ಚಿಂತೆಯಿಂದ ಮಲಗುವಂತಿಲ್ಲ. ಚೈನು, ಬೋಲ್ಟು, ಬ್ರೇಕಿನ ತಂತಿ ಎಲ್ಲವೂ ಉಕ್ಕಿನವೇ. ಕಡಲಿಗೆ ಹೋಗಿ ಬಂದ ದಿನ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ನಾಲ್ಕು ತೊಟ್ಟು ಎಣ್ಣೆ ಬಿಡದವನಿಗೆ ಅಲ್ಯೂಮಿನಿಯಂ ಏನು ಮಾಡೀತು?

ಕಾರ್ಕಳದ ದಾರಿ ಬೇರೆಯ ಬಗೆಯದು. ಮಣಿಪಾಲ ದಾಟಿ ಹಿರಿಯಡಕ, ಬೈಲೂರುಗಳ ಮೇಲೆ ಮೂವತ್ತೈದು ಕಿಲೋಮೀಟರಿಗೂ ಹೆಚ್ಚು. ಏರು, ಇಳಿ, ಗೇರುಮರಗಳ ಗುಡ್ಡೆ, ಮತ್ತೆ ಏರು. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಯ ಗೊಮ್ಮಟನಿಗೆ ಅವಸರವೇನೂ ಇಲ್ಲ. ಆದರೆ ಪೆಡಲು ತುಳಿಯುವವನಿಗೆ ಒಂದೊಂದು ಕಿಲೋಗ್ರಾಮಿನ ಲೆಕ್ಕವೂ ತೊಡೆಯಲ್ಲಿ ಬರೆಯಲ್ಪಡುತ್ತದೆ. ಕಡಿಮೆ ಬೆಲೆಯ ಗಾಡಿಗೆ ಹಿಂದೆಮುಂದೆ ಸ್ಪ್ರಿಂಗು ಜೋಡಿಸಿದರೆ ಮೊದಲು ಹೆಚ್ಚುವುದು ಭಾರ. ಜೊತೆಗೆ ಏರಿನಲ್ಲಿ ತುಳಿದ ಶಕ್ತಿಯ ಒಂದು ಪಾಲನ್ನು ಹಿಂದಿನ ಸ್ಪ್ರಿಂಗೇ ಕುಗ್ಗಿ ಹಿಗ್ಗಿ ನುಂಗಿಬಿಡುತ್ತದೆ. ಬೆಟ್ಟದ ಕಲ್ಲುದಾರಿಗಾಗಿ ಮಾಡಿದ ಉತ್ತಮ ಸ್ಪ್ರಿಂಗಿನ ಗಾಡಿಯೂ ಉಂಟು, ನಿಜ. ಅದರ ಬೆಲೆಗೆ ಇಪ್ಪತ್ತೆರಡು ತಿಂಗಳ ಪಿಗ್ಮಿ ಸಾಲದು. ಟಯರಿನ ವಿಷಯವೂ ಹಾಗೆಯೇ. ದಪ್ಪ ಗುಬುಟುಗಳ ಟಯರು ಕೆಸರಿನಲ್ಲಿ ಹಿಡಿದುಕೊಳ್ಳುತ್ತದೆ, ಡಾಮರಿನಲ್ಲಿ ಗುಂಯ್‌ಗುಟ್ಟುತ್ತ ಹಿಂದಕ್ಕೆಳೆಯುತ್ತದೆ. ನಡುವೆ ಸಮನಾದ ಪಟ್ಟಿ, ಅಂಚಿನಲ್ಲಿ ಮಾತ್ರ ಗುಬುಟು ಇರುವ ಟಯರು ಈ ಸೀಮೆಗೆ ಲೇಸು.

ಉಳಿದದ್ದು ಮಣಿಪಾಲ. ದೂರ ನಾಲ್ಕೈದು ಕಿಲೋಮೀಟರು. ಇಂದ್ರಾಳಿ ಕಳೆದ ಮೇಲೆ ಏರು. ಮಣ್ಣಪಳ್ಳವೆಂಬ ಕೆರೆಯಿಂದ ಹೆಸರು ಪಡೆದ ಆ ಬೋಳು ಮುರಕಲ್ಲಿನ ಗುಡ್ಡೆಯ ಮೇಲೆ 1953ರಲ್ಲಿ ಮೆಡಿಕಲ್ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದು ಊರು ಬೆಳೆಯಿತು. ಊರು ಬೆಳೆದರೂ ಗುಡ್ಡೆ ತಗ್ಗಲಿಲ್ಲ. ಇಲ್ಲಿ ಗೇರು ಬೇಕೇಬೇಕು. ಅದರ ಲೆಕ್ಕ ಪ್ರಾಥಮಿಕ ಶಾಲೆಯ ಭಾಗಾಕಾರಕ್ಕಿಂತ ಕಠಿಣವಲ್ಲ. ಮುಂದಿನ ಹಲ್ಲುಗಾಲಿಯಲ್ಲಿ 42 ಹಲ್ಲು, ಹಿಂದಿನದರಲ್ಲಿ 14 ಇದ್ದರೆ, ಪೆಡಲು ಒಂದು ಸುತ್ತು ಬರುವಾಗ ಚಕ್ರ ಮೂರು ಸುತ್ತು ತಿರುಗಿ ಗಾಡಿ ಆರೂವರೆ ಮೀಟರು ಓಡುತ್ತದೆ. ಮುಂದೆ 28, ಹಿಂದೆಯೂ 28 ಮಾಡಿಕೊಂಡರೆ ಒಂದಕ್ಕೆ ಒಂದೇ ಸುತ್ತು. ಎರಡು ಮೀಟರಿಗಿಂತ ತುಸು ಹೆಚ್ಚು. ವೇಗ ಮೂರರಲ್ಲೊಂದು ಪಾಲು, ತುಳಿತವೂ ಅಷ್ಟೇ ಹಗುರ. ಆದುದರಿಂದ “ಇಪ್ಪತ್ತೊಂದು ಗೇರು” ಎಂಬ ಜಾಹೀರಾತಿಗೆ ಬೆರಗಾಗುವುದಕ್ಕಿಂತ, ಅತ್ಯಂತ ಹಗುರದ ಗೇರು ಯಾವುದು ಎಂದು ಹಲ್ಲೆಣಿಸುವುದು ಜಾಣತನ.

ಈ ಎಲ್ಲ ಲೆಕ್ಕಗಳೊಡನೆ ಒಂದು ಶನಿವಾರ ಸಂಜೆ ಮೂವರೂ ಅಂಗಡಿಗೆ ಹೊರಟರು. ಅಜ್ಜ ತಾನೂ ಬರುವೆನೆಂದಾಗ ಎಲ್ಲರಿಗೂ ಆಶ್ಚರ್ಯ.

ಅಂಗಡಿಯ ಹುಡುಗ ಸಂಭಾವಿತ. ಮೊದಲು ಗಾಡಿಯ ಅಡ್ಡಪಟ್ಟಿಯ ಮೇಲೆ ಕಾಲು ಹಾಕಿ ನಿಲ್ಲಿಸಿದ. ತೊಡೆಗೂ ಪಟ್ಟಿಗೂ ನಡುವೆ ಎರಡಂಗುಲವಾದರೂ ತೆರಪಿರಬೇಕಂತೆ. ಮತ್ತೆ ಸೀಟಿನಲ್ಲಿ ಕೂರಿಸಿ, ಪೆಡಲು ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗುವಂತೆ ಸೀಟನ್ನು ಏರಿಸಿದ. ಬೆಂಕಿಬಣ್ಣದ ಗಾಡಿಯನ್ನು ಹುಡುಗ ಎತ್ತಿ ನೋಡಿ, ಸದ್ದಿಲ್ಲದೆ ಕೆಳಗಿರಿಸಿದ. ಇನ್ನೊಂದು ಬೂದುಬಣ್ಣದ್ದು: ಅಲ್ಯೂಮಿನಿಯಂ ಫ್ರೇಮು, ಮುಂದೆ ಮಾತ್ರ ಸ್ಪ್ರಿಂಗು, 27.5 ಅಂಗುಲದ ಚಕ್ರ, ಎರಡು ಚಕ್ರಕ್ಕೂ ಡಿಸ್ಕ್ ಬ್ರೇಕು. ಬೆಲೆ ಹದಿನೇಳು ಸಾವಿರದ ಇನ್ನೂರು. ಅದೇ ಕಂಪೆನಿಯ ಇನ್ನೊಂದಕ್ಕೆ, ರಿಮ್ಮನ್ನೇ ಅದುಮುವ ರಬ್ಬರು ಬ್ರೇಕಿನದಕ್ಕೆ, ಎರಡು ಸಾವಿರ ಕಡಿಮೆ.

“ಬ್ರೇಕು ಯಾವುದಾದರೇನು? ಎರಡೂ ಹಿಡಿಯುತ್ತವೆ. ಎರಡು ಸಾವಿರ ಉಳಿಯಲಿ” ಎಂದರು ಗುಮಾಸ್ತರು. ಅವರ ಕಣ್ಣಮುಂದೆ ಗ್ರೈಂಡರು ಸುಳಿದಿರಬೇಕು.

ಅಜ್ಜ ಅದುವರೆಗೆ ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತಿದ್ದರು. ಎದ್ದು ಬಂದು ಬೂದುಬಣ್ಣದ ಗಾಡಿಯ ಬ್ರೇಕನ್ನು ಒಮ್ಮೆ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು.

“ಇದು ವಾತ ಅಲ್ಲ” ಎಂದರು, ಮಂಡಿಯನ್ನು ಮುಟ್ಟಿಕೊಂಡು. “1983ನೇ ಇಸವಿ. ಆಷಾಢದ ಮಳೆ. ಮಣಿಪಾಲದಿಂದ ಇಳಿದು ಬರುತ್ತಿದ್ದೆ. ಚೀಲದಲ್ಲಿ ಆ ದಿನದ ಪಿಗ್ಮಿ; ಒಂದು ರೂಪಾಯಿಯೂ ನನ್ನದಲ್ಲ. ಎದುರಿಗೆ ಬಸ್ಸು ಬಂತು. ಬ್ರೇಕು ಅದುಮಿದೆ. ಬ್ರೇಕು ಸರಿಯಾಗಿಯೇ ಇತ್ತು ಮಗಾ, ಬೆಳಗ್ಗೆ ನಾನೇ ನೋಡಿದ್ದೆ. ರಿಮ್ಮು ಒದ್ದೆ. ಹಿಡಿಯಲಿಲ್ಲ. ಬದಿಯ ಮುರಕಲ್ಲಿನ ಮೇಲೆ ಬಿದ್ದೆ. ಎದ್ದು ಮೊದಲು ಹಣ ಎಣಿಸಿದೆ. ಸರಿ ಇತ್ತು. ಕಾಲು ನೋಡಿದ್ದು ಆಮೇಲೆ.”

ಗುಮಾಸ್ತರು ಬೆರಗಾಗಿ, “ನಮಗೆ ಯಾರಿಗೂ ಹೇಳಲೇ ಇಲ್ಲವಲ್ಲ ಅಪ್ಪ?” ಎಂದರು.

“ಹೇಳಿದ್ದರೆ ನಿನ್ನ ಅಮ್ಮ ಮರುದಿನ ಸೈಕಲ್ಲು ಹತ್ತಲು ಬಿಡುತ್ತಿದ್ದಳಾ? ಹತ್ತದಿದ್ದರೆ ನಿನ್ನ ಶಾಲೆಯ ಫೀಸು ಎಲ್ಲಿಂದ ಬರುತ್ತಿತ್ತು?”

ಅಂಗಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಅಜ್ಜನ ಕಾಲದ ಸೈಕಲ್ಲುಗಳಿಗೆ ಉಕ್ಕಿನ ನುಣುಪು ರಿಮ್ಮು, ಸರಳಿನಿಂದ ಎಳೆಯುವ ಬ್ರೇಕು. ರಿಮ್ಮು ನೆಲಕ್ಕೆ ಸಮೀಪ. ಮಳೆಗಾಲದಲ್ಲಿ ನೀರೂ ಕೆಂಪುಮಣ್ಣೂ ಅದಕ್ಕೇ ಮೆತ್ತುತ್ತವೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಕರಾವಳಿಯಲ್ಲಿ ಅದು ಸಣ್ಣ ಮಾತಲ್ಲ. ಈಗಿನ ಅಲ್ಯೂಮಿನಿಯಂ ರಿಮ್ಮು ಆ ಉಕ್ಕಿನದಕ್ಕಿಂತ ಎಷ್ಟೋ ಮೇಲು. ಆದರೂ ಮರಳು ಬೆರೆತ ಕೆಸರು ಅದನ್ನು ತೇಯದೆ ಬಿಡದು. ಡಿಸ್ಕ್ ಬ್ರೇಕಿನ ಬಿಲ್ಲೆಯಾದರೋ ಚಕ್ರದ ನಡುವೆ, ಕೆಸರಿನಿಂದ ಮೇಲಿದೆ. ಒದ್ದೆಯಾದರೂ ಬೇಗನೆ ಒರೆಸಿಹೋಗಿ ಹಿಡಿಯುತ್ತದೆ. ಎಣ್ಣೆಯ ಒತ್ತಡದಿಂದ ನಡೆಯುವ ಡಿಸ್ಕು ಇನ್ನೂ ನಯ, ಆದರೆ ಬೆಲೆ ಏರು. ತಂತಿ ಎಳೆಯುವ ಡಿಸ್ಕು ಒರಟಾದರೂ, ತಂತಿ ತುಕ್ಕು ಹಿಡಿದರೆ ಬೀದಿಯ ಸೈಕಲ್ ರಿಪೇರಿಯವನೂ ಬದಲಿಸಿ ಕೊಡಬಲ್ಲ.

ಬೂದುಬಣ್ಣದ್ದು ಮನೆಗೆ ಬಂತು. ಉಳಿದ ಎರಡು ಸಾವಿರದ ಎಂಟುನೂರರಲ್ಲಿ ಹೆಲ್ಮೆಟು, ಬೀಗ, ಹಿಂದೆಮುಂದೆ ದೀಪ, ಗಾಳಿ ಹಾಕುವ ಪಂಪು ಕೊಂಡದ್ದಾಯಿತು. ಮೌಂಟನ್ ಬೈಕುಗಳಿಗೆ ಮಡ್‌ಗಾರ್ಡು ಹಾಕದೆ ಮಾರುವ ವಾಡಿಕೆ. ಬರಿಯ ಚಕ್ರದಲ್ಲಿ ಮಳೆಯಲ್ಲಿ ಹೋದವನ ಬೆನ್ನಿನ ಮೇಲೆ ಕುತ್ತಿಗೆಯವರೆಗೂ ಕೆಂಪು ನಾಮ ಮೂಡುತ್ತದೆ. ಅಂಗಿ ಒಗೆಯುವವರು ಯಾರೆಂಬುದನ್ನು ನೆನೆದು ಅದನ್ನೂ ಜೋಡಿಸಿಕೊಂಡರು. ಹೊಸ ಗಾಡಿ ಕೊಳ್ಳುವವರು ಇಡೀ ಹಣವನ್ನು ಗಾಡಿಗೇ ಸುರಿಯದೆ ಎಂಟರಲ್ಲೊಂದು ಪಾಲನ್ನಾದರೂ ಇಂತಹವಕ್ಕೆಂದು ತೆಗೆದಿರಿಸುವುದು ಕ್ಷೇಮ.

ಅಂದು ರಾತ್ರಿ ಊಟವಾದ ಮೇಲೆ ಹುಡುಗ ಮೊಬೈಲು ನೋಡಿ ಮೌಂಟನ್ ಬೈಕಿನ ಜನ್ಮವೃತ್ತಾಂತವನ್ನು ಅಜ್ಜನಿಗೆ ಹೇಳಿದ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಎಂಬಲ್ಲಿ ಕೆಲವು ತರುಣರು ಹಳೆಯ ಭಾರದ ಸೈಕಲ್ಲುಗಳನ್ನು ಬೆಟ್ಟದ ಮೇಲಿಂದ ಓಡಿಸಿಕೊಂಡು ಇಳಿಯುತ್ತಿದ್ದರಂತೆ. 1976ರಲ್ಲಿ ಅದೇ ಒಂದು ಪಂದ್ಯವಾಯಿತು. ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಆ ಬ್ರೇಕು ಒಂದೇ ಇಳಿಜಾರಿನಲ್ಲಿ ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಇಳಿದೊಡನೆ ಚಕ್ರದ ನಡುಗುಂಬವನ್ನು ಬಿಚ್ಚಿ ಮತ್ತೆ ಗ್ರೀಸು ತುಂಬಬೇಕು. ‘ಮತ್ತೆ ತುಂಬು’ ಎಂಬ ಅರ್ಥದಲ್ಲಿ ಪಂದ್ಯಕ್ಕೆ ‘ರಿಪ್ಯಾಕ್’ ಎಂದೇ ಹೆಸರು ಬಿತ್ತು. ಆ ಸಾಹಸದಿಂದಲೇ ಹೊಸ ಫ್ರೇಮು, ಹೊಸ ಗೇರು, ಹೊಸ ಬ್ರೇಕುಗಳ ಈ ಗಾಡಿ ಹುಟ್ಟಿತು.

“ಹಾಗಾದರೆ ಅವರಿಗೂ ಬ್ರೇಕಿನದ್ದೇ ಕಥೆ!” ಎಂದು ಅಜ್ಜ ನಕ್ಕರು. ಅವರು ನಕ್ಕದ್ದನ್ನು ಮನೆಯವರು ಕಂಡು ಬಹಳ ದಿನಗಳಾಗಿದ್ದವು.

ಜೂನಿನಲ್ಲಿ ಮಳೆ ಹಿಡಿಯಿತು. ಸಂಜೆ ಐದೂವರೆಯ ಹೊತ್ತಿಗೆ ಅಜ್ಜ ಜಗಲಿಯಲ್ಲಿ ಕುಳಿತಿರುತ್ತಾರೆ. ಒದ್ದೆಯಾದ ಡಿಸ್ಕು ಹಿಡಿಯುವಾಗ ಬೀದಿಯ ತಿರುವಿನಲ್ಲಿ ‘ಕೀಂಚ್’ ಎಂದು ಕೂಗುತ್ತದೆ. ಸೊಸೆ ಒಳಗಿನಿಂದ, “ಏನು ಕರ್ಕಶ ಮಾವ! ಅಂಗಡಿಗೆ ಕೊಟ್ಟು ಸರಿ ಮಾಡಿಸಬಾರದೇ?” ಎನ್ನುತ್ತಾಳೆ.

“ಇರಲಿ ಮಗಳೇ” ಎಂದು ಅಜ್ಜ ಎದ್ದು, ಕಾಲನ್ನು ಎಳೆದುಕೊಂಡು ಒಳಗೆ ಹೋಗುತ್ತಾರೆ. “ನೀನು ಕಾಫಿಗೆ ಇಡು. ಮಾಣಿ ಬಂದ.”