ಬೆಂಗಳೂರಿನಿಂದ ಧಾರವಾಡಕ್ಕೆ

ನಿವೃತ್ತಿವೇತನದ ಅರ್ಧಭಾಗವನ್ನು ಬೆಂಗಳೂರಿನ ಮನೆಬಾಡಿಗೆಯೇ ನುಂಗುತ್ತಿದ್ದುದರಿಂದ, ಸುಮಾರು 430 ಕಿಲೋಮೀಟರ್ ದೂರದ ಧಾರವಾಡದಲ್ಲಿ ನೆಲಸಲು ಯೋಚಿಸಿದೆನು. ಮೊದಲು ಮಳೆಗಾಲದ ಒಂದು ತಿಂಗಳು ಅಲ್ಲಿದ್ದು ನೋಡಿದೆವು. ಸಾಧನಕೇರಿಯ ತಂಪು, 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಾಮೀಪ್ಯ, ಅರ್ಧ ಬಾಡಿಗೆಗೆ ದೊರೆವ ಮನೆ, ಮನಸ್ಸು ಒಪ್ಪಿತು.

ಲಾರಿಯ ಬಾಡಿಗೆ, ಹಮಾಲರ ಕೂಲಿ, ಹಳೆಯ ಮುಂಗಡ ಕೈಸೇರುವ ಮೊದಲೇ ತೆರಬೇಕಾದ ಹೊಸ ಮುಂಗಡ, ಎಲ್ಲವನ್ನೂ ಬರೆದೆನು. ಗೃಹಿಣಿಯು ಪಟ್ಟಿಯನ್ನೋದಿ, “ಮೊಮ್ಮಗಳನ್ನು ನೋಡಲು ಬರುವ ರೈಲುಖರ್ಚನ್ನು ಬರೆದೇ ಇಲ್ಲವಲ್ಲ?” ಎಂದಳು. ವರ್ಷಕ್ಕೆ ಆರು ಪ್ರಯಾಣಗಳನ್ನು ಸೇರಿಸಿದಾಗ ಉಳಿತಾಯವು ಕುಗ್ಗಿತು. ಆದರೂ ಅಷ್ಟಿಷ್ಟು ಉಳಿಯಿತು. ಆಮೇಲೆಯೇ ಹೊರಟೆವು.

ವಾಚಕರೆ, ಊರು ಬಿಡುವಾಗ ಸಾಮಾನಿನ ಸಾಗಣೆಯನ್ನಷ್ಟೇ ಅಲ್ಲ, ಬಿಟ್ಟುಹೋಗುವವರ ಬಳಿಗೆ ಮರಳಿ ಬರುವ ದಾರಿಯ ವೆಚ್ಚವನ್ನೂ ಗಣಿಸಿರಿ.